ನಾಟಿ ಕೋಳಿಯೋ, ಫಾರಂ ಕೋಳಿಯೋ?

ಭಾನುವಾರ ಯಡಿಯೂರಿನ ಕಡೆಯ ಯಾವುದಾದರೂ ಕೋಳಿ ಅಂಗಡಿಯ ಮುಂದೆ ಕಿವಿಗೊಟ್ಟು ನಿಲ್ಲಿ. "ಫಾರಂ ಕೋಳಿಗೆ ಬರೀ ಔಷಧಿ ಹಾಕಿರ್ತಾರೆ, ನಾಟಿ ಕೋಳಿಯೇ ಒಳ್ಳೇದು" ಎಂಬ ಮಾತು ಕೇಳಿಬರುತ್ತದೆ. ಈ ಮಾತಿನಲ್ಲಿ ಅರ್ಧ ನಿಜವಿದೆ.

ಆ ಅರ್ಧವನ್ನು ಮೊದಲು ನೋಡೋಣ. ಬ್ರಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲೇ ಎರಡು ಕಿಲೋ ತೂಗುತ್ತದೆ. ಮೇವಿಗೆ ಸ್ವಲ್ಪ ಆಂಟಿಬಯೋಟಿಕ್ ಬೆರೆಸಿದರೆ ಕೋಳಿ ಬೇಗ ಬೆಳೆಯುತ್ತದೆ ಎಂದು 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕಂಡುಕೊಂಡರು. ಆ ಪದ್ಧತಿ ಅನೇಕ ದೇಶಗಳಿಗೆ ಹಬ್ಬಿತು. ರೋಗವಿಲ್ಲದ ಕೋಳಿಗೂ ಔಷಧಿ!

ಇದರಿಂದ ಏನಾಗುತ್ತದೆ? ಕೋಳಿಯ ಕರುಳಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಗಳಿರುತ್ತವೆ. ಅನುಕೂಲ ಸಿಕ್ಕರೆ ಇವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಬೆಳಿಗ್ಗೆ 10 ಗಂಟೆಗೆ ಒಂದಿದ್ದರೆ ಸಂಜೆ 5 ಗಂಟೆಗೆ ಎಷ್ಟು? ಲೆಕ್ಕ ಮಾಡಿ, 20 ಲಕ್ಷ ದಾಟುತ್ತದೆ. ಅಷ್ಟು ಸಂಖ್ಯೆಯಲ್ಲಿ ಒಂದೆರಡು ಆಕಸ್ಮಿಕವಾಗಿ ಬದಲಾಗಿ ಔಷಧಿಗೆ ಜಗ್ಗದಂತಾಗಬಹುದು. ಔಷಧಿ ಉಳಿದವನ್ನು ಕೊಲ್ಲುತ್ತದೆ. ಖಾಲಿಯಾದ ಜಾಗವೆಲ್ಲ ಜಗ್ಗದವುಗಳ ಪಾಲು. ಕಳೆಗೆ ನಾವೇ ಗದ್ದೆ ಹಸನು ಮಾಡಿಕೊಟ್ಟಂತೆ! ಸಾಲದ್ದಕ್ಕೆ, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಈ ಗುಣ ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟುತ್ತದೆ.

ಕಾಲಿಸ್ಟಿನ್ ಎಂಬ ಔಷಧಿಯಿದೆ. ಬೇರೆ ಯಾವುದೂ ನಾಟದಿದ್ದಾಗ ವೈದ್ಯರು ರೋಗಿಗೆ ಕೊಡುವ ಕೊನೆಯ ಅಸ್ತ್ರಗಳಲ್ಲಿ ಇದೊಂದು. ಇದನ್ನೂ ಕೋಳಿಗಳಿಗೆ ತಿನ್ನಿಸಲಾಗುತ್ತಿತ್ತು! ಇದಕ್ಕೆ ಜಗ್ಗದ ಗುಣವೂ ಪ್ಲಾಸ್ಮಿಡ್ ಮೂಲಕ ಹರಡುತ್ತದೆಂದು 2015ರಲ್ಲಿ ಚೀನಾದ ವಿಜ್ಞಾನಿಗಳು ವರದಿ ಮಾಡಿದರು. 2019ರ ಜುಲೈನಲ್ಲಿ ಭಾರತ ಸರ್ಕಾರ ಕೋಳಿ ಮತ್ತು ಇತರ ಆಹಾರದ ಪ್ರಾಣಿಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸವೇ. ಆದರೆ ಕಾಲಿಸ್ಟಿನ್ ಒಂದೇ ಅಲ್ಲ, ಯಾವ ಆಂಟಿಬಯೋಟಿಕ್ಕನ್ನೂ ತೂಕ ಹೆಚ್ಚಿಸಲೆಂದು ಬಳಸಬಾರದು ಎಂಬುದು ನನ್ನ ನಿಲುವು. ಸ್ವೀಡನ್ 1986ರಲ್ಲೇ ಇದನ್ನು ನಿಲ್ಲಿಸಿತು, ಐರೋಪ್ಯ ಒಕ್ಕೂಟ 2006ರಲ್ಲಿ. ಅಲ್ಲಿ ಕೋಳಿ ಸಾಕಣೆಯೇನೂ ನಿಂತುಹೋಗಲಿಲ್ಲ. ಕಾಯಿಲೆ ಬಿದ್ದ ಕೋಳಿಗೆ ಪಶುವೈದ್ಯರು ಔಷಧಿ ಕೊಡುವುದು ಬೇರೆ ಮಾತು.

ಇನ್ನು ನಾಟಿ ಕೋಳಿ. ಅದು ತಿಪ್ಪೆ ಕೆದಕುತ್ತದೆ, ಚರಂಡಿ ನೀರು ಕುಡಿಯುತ್ತದೆ. ಆ ಚರಂಡಿಗೆ ನಮ್ಮ ಮನೆಗಳ ಕೊಳಚೆಯೂ ಸೇರುತ್ತದೆ. ಬೇಕಿಲ್ಲದಿದ್ದರೂ ಆಂಟಿಬಯೋಟಿಕ್ ನುಂಗುವವರು ನಾವೂ ಹೌದಲ್ಲವೇ? ನೆಗಡಿಗೆ ಕಾರಣ ವೈರಸ್, ಅದಕ್ಕೆ ಈ ಮಾತ್ರೆ ನಾಟುವುದೇ ಇಲ್ಲ. ಹೀಗಾಗಿ ಒಂದು ಹನಿ ಔಷಧಿ ಕಾಣದ ಹಿತ್ತಲ ಕೋಳಿಗಳಲ್ಲೂ ಜಗ್ಗದ ಬ್ಯಾಕ್ಟೀರಿಯಗಳನ್ನು ಸಂಶೋಧಕರು ಕಂಡಿದ್ದಾರೆ. ತಳಿಯ ಹೆಸರು ಇಲ್ಲಿ ಲೆಕ್ಕಕ್ಕಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ಕೋಳಿಯೂ ಕೊಳಚೆ ಕುಡಿದರೆ ಅಷ್ಟೇ.

ಇಷ್ಟು ಓದಿ ನಾಳೆ ಶಾಲೆಯಲ್ಲಿ ಕೊಡುವ ಬೇಯಿಸಿದ ಮೊಟ್ಟೆಯನ್ನು ಹೆದರಿ ಬಿಟ್ಟೀರಿ! ಔಷಧಿಗೆ ಜಗ್ಗದ ಬ್ಯಾಕ್ಟೀರಿಯ ಬೆಂಕಿಗೆ ಜಗ್ಗುತ್ತದೆ. ಚೆನ್ನಾಗಿ ಬೆಂದರೆ ಸಾಯುತ್ತದೆ. ಅಪಾಯವಿರುವುದು ಹಸಿ ಮಾಂಸ ಕೊಚ್ಚಿದ ಮಣೆಯಲ್ಲೇ ಸೌತೆಕಾಯಿ ಹೆಚ್ಚುವಲ್ಲಿ, ಕೈ ತೊಳೆಯದೆ ಉಣ್ಣುವಲ್ಲಿ.

ಅಂಗಡಿಯವರು ಕಪ್ಪು ಹಲಗೆಯ ಮೇಲೆ ಕಿಲೋಗೆ ಎಷ್ಟು ರೂಪಾಯಿ ಎಂದು ಬರೆಯುತ್ತಾರೆ. ಅದರ ಕೆಳಗೇ ಕೋಳಿ ಯಾವ ಊರಿನ ಫಾರಂನದು, ಅದಕ್ಕೆ ಕೊನೆಯ ಬಾರಿ ಔಷಧಿ ಕೊಟ್ಟು ಎಷ್ಟು ದಿನವಾಯಿತು ಎಂಬುದನ್ನೂ ಬರೆಯುವಂತಾಗಬೇಕು. ಸದ್ಯಕ್ಕೆ ಆ ಪ್ರಶ್ನೆಯನ್ನು ನಿಮ್ಮ ಮನೆಯವರಾದರೂ ಕೇಳಬಹುದು.