ಸ್ಟೀರಾಯ್ಡ್ ಬರೆದ ಚೀಟಿಯಲ್ಲೇ ಎಲುಬಿನ ಮದ್ದೂ ಇರಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರೋಗಿಗಳು, ಮನೆಯವರು, ವೈದ್ಯರು ಮತ್ತು ಔಷಧ ಅಂಗಡಿಯವರ ಗಮನಕ್ಕೆ

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ, ಕೀಲುವಾತದಿಂದ ನಡೆಯಲೂ ಆಗದಿದ್ದ 29 ವರ್ಷದ ಹೆಣ್ಣುಮಗಳಿಗೆ ಡಾ. ಫಿಲಿಪ್ ಹೆಂಚ್ ತಂಡ ಕಾರ್ಟಿಸೋನ್ ಸೂಜಿ ಹಾಕಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಪೇಟೆ ಸುತ್ತಿ ಬಂದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಸಿಕ್ಕಿತು. ಅದೇ ವಂಶದ ಸ್ಟೀರಾಯ್ಡ್‌ಗಳಾದ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಇಂದು ನಮ್ಮ ಸಂತೆ ಊರುಗಳ ಮೆಡಿಕಲ್‌ಗಳಲ್ಲೂ ಅಗ್ಗವಾಗಿ ಸಿಗುತ್ತವೆ. ನೋವು ಹಾರಿಹೋಗುವುದು ನಿಜ, ಎಲುಬು ಸವೆಯುವುದೂ ಅಷ್ಟೇ ನಿಜ. ಇದೇ ಬಗೆಯ ಹಾರ್ಮೋನು ದೇಹದಲ್ಲಿ ಮಿತಿಮೀರುವ ಕಾಯಿಲೆಯನ್ನು ವಿವರಿಸಿದ ಹಾರ್ವೆ ಕುಶಿಂಗ್, ಆ ರೋಗಿಗಳ ಎಲುಬು ಟೊಳ್ಳಾಗಿದ್ದುದನ್ನು 1932ರಲ್ಲೇ ಬರೆದಿಟ್ಟಿದ್ದರು.

ಸ್ಟೀರಾಯ್ಡ್ ಹೊಸ ಎಲುಬು ಕಟ್ಟುವ ಕೋಶಗಳನ್ನು ಮಂಕಾಗಿಸುತ್ತದೆ, ಹಳೆಯದನ್ನು ಕರಗಿಸುವ ಕೋಶಗಳಿಗೆ ಮೊದಮೊದಲು ಬಲ ಕೊಡುತ್ತದೆ. ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗಿ, ಮೂತ್ರದಲ್ಲಿ ಹೋಗುವುದು ಹೆಚ್ಚುತ್ತದೆ. ಸವೆತ ಅತಿ ವೇಗವಾಗಿ ಆಗುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ‘ನೋಡೋಣ, ಆಮೇಲೆ ಕ್ಯಾಲ್ಸಿಯಂ ಕೊಡೋಣ’ ಎನ್ನುವ ಹೊತ್ತಿಗೆ ಅರ್ಧ ಹಾನಿ ಮುಗಿದಿರುತ್ತದೆ.

ಬ್ರಿಟನ್ನಿನಲ್ಲಿ ಸ್ಟೀರಾಯ್ಡ್ ಗುಳಿಗೆ ತಿನ್ನುತ್ತಿದ್ದ 2.44 ಲಕ್ಷ ಜನರ ದಾಖಲೆ ಜಾಲಾಡಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ದಿನಕ್ಕೆ 7.5 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರಿಗೆ ಬೆನ್ನೆಲುಬಿನ ಮುರಿತ ಐದು ಪಟ್ಟು, 2.5ರಿಂದ 7.5ರೊಳಗಿನವರಿಗೂ ಎರಡೂವರೆ ಪಟ್ಟು ಹೆಚ್ಚಿತ್ತು. ‘ಬರೀ ಐದು ಮಿಲಿಗ್ರಾಂ, ಏನೂ ಆಗಲ್ಲ’ ಎಂಬ ಮಾತನ್ನು ಈ ಲೆಕ್ಕ ಒಪ್ಪುವುದಿಲ್ಲ. ಗುಳಿಗೆ ನಿಂತ ಮೇಲೆ ಅಪಾಯ ಬೇಗನೆ ಇಳಿಯುತ್ತದೆ ಎಂಬ ಸಮಾಧಾನವೂ ಅದೇ ಅಧ್ಯಯನದಲ್ಲಿದೆ.

ಈ ಐದು ತಾಲೂಕುಗಳಿಗೆ ಇದು ದೂರದ ಸುದ್ದಿಯಲ್ಲ. ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ಧೂಳು ಕುಡಿದ ಎದೆಗಳಿವೆ. ಅಥಣಿ, ರಾಯಬಾಗ, ಕಾಗವಾಡದ ಕಬ್ಬಿನ ಗದ್ದೆಗಳಲ್ಲಿ ಸವೆದ ಮೊಣಕಾಲುಗಳಿವೆ. ಎದೆ ಬಿಗಿದರೆ, ಕೀಲು ಹಿಡಿದರೆ ‘ಒಂದು ಪವರ್ ಸೂಜಿ ಹಾಕ್ರಿ’ ಎಂದು ಕೇಳುವ ರೂಢಿ ಬೆಳೆದಿದೆ. ಮಿರಜ, ಕೊಲ್ಹಾಪುರ ಅಥವಾ ಬೆಳಗಾವಿಯಲ್ಲಿ ಎಂದೋ ಬರೆಸಿಕೊಂಡ ಚೀಟಿಯನ್ನೇ ಮಡಿಚಿಟ್ಟು, ಊರಲ್ಲಿ ಅದನ್ನೇ ತೋರಿಸಿ ಗುಳಿಗೆ ಒಯ್ಯುವವರಿದ್ದಾರೆ. ಹೆಸರೇ ಇಲ್ಲದ ಬಿಡಿ ಗುಳಿಗೆಯ ಪುಡಿಕೆ, ‘ಗಿಡಮೂಲಿಕೆ’ ಎಂದು ಮಾರುವ ನೋವಿನ ಪುಡಿ ಇವುಗಳಲ್ಲಿ ಸ್ಟೀರಾಯ್ಡ್ ಅಡಗಿರಬಹುದು. ತಿನ್ನುವವರಿಗೆ ಗೊತ್ತೇ ಇರುವುದಿಲ್ಲ. ತಂಬಾಕು ಕೂಡ ಎಲುಬನ್ನು ತೆಳುವಾಗಿಸುತ್ತದೆ. ಮುಟ್ಟು ನಿಂತ ಹೆಂಗಸರಿಗಂತೂ ಪೆಟ್ಟು ಎರಡೂ ಕಡೆಯಿಂದ.

ಊಟದ ಮಾತೂ ಬರಬೇಕು. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಆಸುಪಾಸು. ರಾಗಿಯಲ್ಲಿ 300ಕ್ಕೂ ಹೆಚ್ಚು, ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು. ಸ್ಟೀರಾಯ್ಡ್ ತಿನ್ನುವವರಿಗೆ ದಿನಕ್ಕೆ ಬೇಕಾದದ್ದು 1000ದಿಂದ 1200 ಮಿಲಿಗ್ರಾಂ, ಜೊತೆಗೆ ವಿಟಮಿನ್ ಡಿ. ಮನೆಯ ಎಮ್ಮೆ ಹಾಲೆಲ್ಲ ಡೈರಿಗೆ ಹೋಗಿ, ಮನೆಯವರಿಗೆ ಚಹಾದ ಹಾಲಷ್ಟೇ ಉಳಿದರೆ ಬರೀ ರೊಟ್ಟಿ-ಪಲ್ಯದಿಂದ ಆ ಲೆಕ್ಕ ತುಂಬದು.

ಮುಖ್ಯ ಎಚ್ಚರಿಕೆ: ಈ ಕರಪತ್ರ ಓದಿ ಯಾರೂ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಬಾರದು. ಬಹಳ ದಿನ ತಿಂದವರ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಮರೆತಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಉಬ್ಬಸದ ಪಂಪ್‌ಗೆ ಹೆದರಿ ಗುಳಿಗೆ ಬೇಡುವುದಂತೂ ತಲೆಕೆಳಗಾದ ಲೆಕ್ಕ. ಪಂಪ್‌ನ ಮದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಮಾಮೂಲಿ ಪ್ರಮಾಣದಲ್ಲಿ ಅದರಿಂದ ಎಲುಬಿಗೆ ತೊಂದರೆ ತೀರಾ ಕಡಿಮೆ.

ವೈದ್ಯರಲ್ಲಿ ಕೇಳುವುದು ಇಷ್ಟೇ: ಮೂರು ತಿಂಗಳು ದಾಟುವ ಸ್ಟೀರಾಯ್ಡ್ ಬರೆಯುವ ದಿನವೇ ಎಲುಬಿನ ರಕ್ಷಣೆಯನ್ನೂ ಬರೆಯಿರಿ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಹತ್ತಿರದಲ್ಲಿಲ್ಲವೆಂದು ಕಾಯಬೇಕಿಲ್ಲ; 40 ದಾಟಿದವರಿಗೆ ವಯಸ್ಸು, ತೂಕ, ಹಳೆಯ ಮುರಿತ, ತಂಬಾಕು ಸೇರಿಸಿ ಫ್ರಾಕ್ಸ್ ಲೆಕ್ಕಾಚಾರದಿಂದ ಅಪಾಯ ಅಳೆಯಬಹುದು. ಅಪಾಯ ಹೆಚ್ಚಿದ್ದರೆ ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆಯಿದೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ತಾಸು ಮಲಗಬಾರದು ಎಂಬುದನ್ನು ರೋಗಿಗೆ ಬಿಡಿಸಿ ಹೇಳಬೇಕು. ಇಲ್ಲವಾದರೆ ಅನ್ನನಾಳ ಉರಿದು ಅವರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ.

ಅಂಗಡಿಯವರಿಗೂ ಒಂದು ಮಾತು. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಷೆಡ್ಯೂಲ್ ಎಚ್ ಔಷಧಗಳು. ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನಿಗೆ ವಿರುದ್ಧ.

ಬೆನ್ನೆಲುಬಿನ ಎಷ್ಟೋ ಮುರಿತಗಳು ನೋವಿಲ್ಲದೆ ಆಗುತ್ತವೆ. ಅಜ್ಜಿಯ ಎತ್ತರ ಕುಗ್ಗಿದರೆ, ಬೆನ್ನು ಬಾಗಿದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗದೆ ಎಕ್ಸ್‌ರೇ ತೆಗೆಸಿ. ಮನೆಯಲ್ಲಿರುವ ಗುಳಿಗೆ, ಪುಡಿ, ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಈ ವಾರವೇ ವೈದ್ಯರ ಬಳಿ ಹೋಗಿ ಕೇಳಿ: ‘ಡಾಕ್ಟ್ರೇ, ಇದರಾಗ ಸ್ಟೀರಾಯ್ಡ್ ಯಾವುದು? ನನ್ನ ಎಲುಬಿಗೆ ಏನು ಬರದೀರಿ?’