ತೊಂಬತ್ತಾರು ಕೈಯೋ, ಎಂಟು ಕೈಯೋ?

ಕಳುದ ತಿಂಗಳು ಎಂಗಳ ಮನೆಲಿ ಒಂದು ಸಣ್ಣ ಜಗಳ ಆತು. ಜಗಳ ಹೇಳಿರೆ ಪಾತ್ರ ಇಡ್ಕುವಷ್ಟು ಅಲ್ಲ, ಉಂಬಲೆ ಕೂದವು ಮಾತಾಡದ್ದೆ ಎದ್ದು ಹೋಪಷ್ಟು. ಕಾರಣ ಕೇಳಿರೆ ನಿಂಗೊಗೆ ನೆಗೆ ಬಕ್ಕು: ಕಂಪ್ಯೂಟರಿನ ಪ್ರೊಸೆಸರು!

ಮಗ° ಇಂಜಿನಿಯರಿಂಗು ಎರಡ್ಣೇ ವರ್ಷ. ಇಷ್ಟರವರೆಗೆ ಎನ್ನ ಹಳೆ ಲ್ಯಾಪ್‌ಟಾಪಿಲಿ ಸುಧಾರ್ಸಿದ°. ಅದು ಈಗ ಮುದಿ ದನದ ಹಾಂಗೆ ಆಯಿದು, ಎಬ್ಬುಸಿರೆ ಏಳ್ಲೆ ಅರ್ಧ ಗಂಟೆ. ಸಂಗತಿ ಗೊಂತಾಗಿ, ವಿಟ್ಲ ಹೊಡೆಲಿಪ್ಪ ಎನ್ನ ಮಾವ ಅಡಕ್ಕೆ ಕೊಟ್ಟ ಪೈಸೆಂದ ಒಂದು ಲಕ್ಷ ತೆಗದು ಮಡಗಿದವು. “ಪುಳ್ಳಿಗೆ ಒಳ್ಳೆದು ತೆಗದು ಕೊಡಿ. ಆದರೆ ಓದುಲೆ ಅಪ್ಪಂತಾದ್ದಾಯೆಕ್ಕು” ಹೇಳಿದವು.

ಮಾಣಿ ಒಂದು ಪಟ್ಟಿ ಬರದು ಅಜ್ಜಂಗೆ ತೋರ್ಸಿದ°. ಸುರುವಾಣ ಗೆರೆಲೇ ‘ಗೇಮಿಂಗ್ ಪ್ರೊಸೆಸರು’ ಹೇಳಿ ಇತ್ತು. ಮಾವನ ಮೋರೆ ಸಣ್ಣ ಆತು. “ಆಟ ಆಡ್ಲೆ ಒಂದು ಲಕ್ಷವೋ?” ಅಷ್ಟೊತ್ತಿಂಗೆ ಬೆಂಗ್ಳೂರಿಂದ ಬಂದಿದ್ದ ಮೈದುನ° ಮಧ್ಯಲ್ಲಿ ಬಾಯಿ ಹಾಕಿದ°: “ಆಫೀಸುಗಳಿಂದ ತೆಗದ ಹಳೆ ಸರ್ವರು ಕಮ್ಮಿ ಕ್ರಯಕ್ಕೆ ಸಿಕ್ಕುತ್ತು ಅಪ್ಪಾ. ಅದರಲ್ಲಿ ಇಪ್ಪತ್ತು ಮೂವತ್ತು ಕೋರು ಇರ್ತು. ಇವ° ಬರದ್ದರಲ್ಲಿ ಬರೀ ಎಂಟು.” ಮಾವ ಲೆಕ್ಕ ಹಾಕಿದವು. ಎಂಟರಿಂದ ಮೂವತ್ತು ದೊಡ್ಡದು. ಸರ್ವರು ಹೇಳುವ ಹೆಸರುದೆ ಮರ್ಯಾದೆದು. ಬೇಂಕಿಲಿ, ಆಫೀಸಿಲಿ ‘ಸರ್ವರು ಡೌನು’ ಹೇಳುದರ ಅವು ಎಷ್ಟು ಸರ್ತಿ ಕೇಳಿದ್ದವೋ. ಅಷ್ಟು ಜೆನರ ಕಾಯ್ಸುವ ಸಾಮಾನು ದೊಡ್ಡದೇ ಆಗಿರೆಕ್ಕನ್ನೆ!

ಮಾಣಿ ತಲೆ ತಗ್ಗುಸಿ ಉಂಡಿಕ್ಕಿ ಎದ್ದು ಹೋದ°. ಆನುದೆ ಎಂತ ಹೇಳಿದ್ದಿಲ್ಲೆ. ಹೇಳೆಕ್ಕಾತು. ಎಂತಕೆ ಹೇಳಿರೆ, ಮನೆಲಿ ಸರ್ವರು ಪ್ರೊಸೆಸರಿನ ಕಟ್ಟಿಗೊಂಡು ಬಂಙ ಬಂದದು ಆನೇ.

ಐದು ವರ್ಷ ಹಿಂದಾಣ ಶುದ್ದಿ. ಆನು ಕೊಡೆಯಾಲಲ್ಲಿ ಮನೆಲೇ ಕೂದು ನಾಲ್ಕೈದು ಅಂಗಡಿಗಳ ಲೆಕ್ಕ ಬರೆತ್ತೆ. ಆರೋ ಹೇಳಿದವು ಹೇಳಿ ಒಂದು ಸೆಕೆಂಡ್ ಹ್ಯಾಂಡ್ ಸರ್ವರು ಪ್ರೊಸೆಸರಿನ ಮಿಶನು ತಂದೆ. 14 ಕೋರು. ತಂದ ದಿನ ಭಾರೀ ಕೊಶಿ. ಮತ್ತಾಣ ದಿನಂದ ಗೊಂತಾತು. ಸುಚ್ಚು ಒತ್ತಿರೆ ಪರದೆಲಿ ಅಕ್ಷರ ಬಪ್ಪಲೆ ಎರಡು ಮೂರು ನಿಮಿಷ. ಫೇನಿನ ಶಬ್ದ ಮಿಕ್ಸಿಯ ಹಾಂಗೆ. ಎಪ್ರಿಲು, ಮೇ ತಿಂಗಳ ಕೊಡೆಯಾಲದ ಸೆಕೆ ಗೊಂತಿದ್ದನ್ನೆ, ಆ ಕೋಣೆಲಿ ಅಡಕ್ಕೆ ಹರಗಿರೆ ಒಣಗುಗು. ಅಷ್ಟಾದರೂ ಲೆಕ್ಕದ ಪ್ರೋಗ್ರಾಮು ಮದಲಿಂಗಿಂತ ಬೇಗ ಓಡಿದ್ದಿಲ್ಲೆ. ಯೇವ ಕೋರು ಎಷ್ಟು ಕೆಲಸ ಮಾಡ್ತು ಹೇಳಿ ಮಗ° ಪರದೆಲಿ ತೆಗದು ತೋರ್ಸಿದ°: ಒಂದು ಕೋರು ಬೆಗರು ಸುರುಶಿಗೊಂಡು ದುಡಿತ್ತಾ ಇದ್ದು, ಹದಿಮೂರು ಕೋರು ಜೆಗಿಲಿಲಿ ಕೂದು ಎಲೆಡಕ್ಕೆ ತಿಂತಾ ಇದ್ದು! ಒಂದೂವರೆ ವರ್ಷಲ್ಲಿ ಅದರ ಗುಜರಿ ಕ್ರಯಕ್ಕೆ ಕೊಟ್ಟೆ.

ಹೀಂಗೆ ಎಂತಕಾವ್ತು? ಹಲಸಿನಕಾಯಿ ಹಪ್ಪಳ ಮಾಡಿದವಕ್ಕೆ ಇದರ ಹೇಳಿ ಕೊಡೆಕ್ಕು ಹೇಳಿ ಇಲ್ಲೆ. ಸೊಳೆ ಬಿಡುಸುಲೆ, ಉಂಡೆ ಮಾಡ್ಲೆ, ಒತ್ತುಲೆ, ಹಸೆಲಿ ಹರಗುಲೆ ಎಷ್ಟು ಜೆನ ಸೇರಿರೂ ಒಳ್ಳೆದೇ. ಆದರೆ ಅಟ್ಟಿನಳಗೆಲಿ ಮಡಗಿದ ಸೊಳೆ ಬೇಯೆಕ್ಕಾದಷ್ಟು ಹೊತ್ತು ಬೇಯೆಕ್ಕು. ಒಲೆಯ ಸುತ್ತ ಹತ್ತು ಜೆನ ನಿಂದರೆ ಅದು ಬೇಗ ಬೇಯ್ತೋ? ಒಬ್ಬನೇ ಮಾಡಿರೆ ಹತ್ತು ಗಂಟೆಯ ಕೆಲಸ, ಅದರಲ್ಲಿ ಬೇವಲೆ ಒಂದು ಗಂಟೆ ಹೇಳಿ ಮಡಿಕ್ಕೊಂಬ. ಒಂಬತ್ತು ಜೆನ ಸೇರಿರೆ ಹಂಚುಲೆ ಎಡಿತ್ತ ಒಂಬತ್ತು ಗಂಟೆ ಒಂದು ಗಂಟೆಗೆ ಇಳಿತ್ತು, ಬೇವ ಗಂಟೆ ಸೇರಿ ಒಟ್ಟು ಎರಡು ಗಂಟೆ. ತೊಂಬತ್ತು ಜೆನ ಸೇರಿರೆ? ಒಂದು ಗಂಟೆ ಆರು ನಿಮಿಷ. ಎಂಬತ್ತೊಂದು ಜೆನಕ್ಕೆ ಹೆಚ್ಚಿಗೆ ಚಾಯ ಕಾಸಿ ಕೊಟ್ಟದಕ್ಕೆ ಸಿಕ್ಕಿದ ಲಾಭ ಬರೀ 54 ನಿಮಿಷ. ಎಷ್ಟು ಸಾವಿರ ಜೆನ ಬಂದರೂ ಒಂದು ಗಂಟೆಂದ ಕೆಳ ಇಳಿಯ. ಜೀನ್ ಅಮ್ಡಾಲ್ ಹೇಳ್ತ ಕಂಪ್ಯೂಟರು ಇಂಜಿನಿಯರು 1967ರಲ್ಲಿ ಹೇಳಿದ್ದೂ ಇದರನ್ನೇ. ಅಮ್ಡಾಲನ ನಿಯಮ ಹೇಳಿ ಈಗ ಮಕ್ಕೊ ಕಾಲೇಜಿಲಿ ಕಲಿತ್ತವು. ನಮ್ಮ ಅಜ್ಜಿಯಕ್ಕೊಗೆ ಅದು ಒಲೆಯ ಬುಡಲ್ಲಿಯೇ ಗೊಂತಿತ್ತು.

ಇನ್ನು ಆ ‘ಆಟ’ ಹೇಳ್ತ ಶಬ್ದ. ನಮ್ಮ ಊರಿಲಿ ಆಟ ಹೇಳಿರೆ ಯಕ್ಷಗಾನ. ಇರುಳಿಡೀ ಒರಗದ್ದೆ ಆಟ ನೋಡಿದ ಮಾವಂಗೆ ಆಟ ಸಸಾರ ಅಪ್ಪಲೆ ಎಡಿಗೋ? ರಂಗಸ್ಥಳಲ್ಲಿ ಹತ್ತು ವೇಷ ಇಕ್ಕು, ಆದರೆ ಪದ ಹೇಳುವ ಭಾಗವತ° ಒಂದು ಹೊತ್ತಿಂಗೆ ಒಬ್ಬನೇ. ಪದ ತಡವಾದರೆ ಚೆಂಡೆ, ಮದ್ದಳೆ, ವೇಷ ಎಲ್ಲವೂ ಕಾಯೆಕ್ಕು. ಹತ್ತು ಭಾಗವತಂಗೊ ಒಟ್ಟಿಂಗೆ ಕೂದರೆ ಪದ ಹತ್ತು ಪಟ್ಟು ಬೇಗ ಮುಗಿಯ. ಕಂಪ್ಯೂಟರಿನ ಆಟಲ್ಲಿಯೂ ಹೆಚ್ಚಾಗಿ ಹಾಂಗೇ, ಒಂದು ಮುಖ್ಯ ಕೆಲಸದ ಹಿಂದಂದ ಒಳುದ್ದೆಲ್ಲ ಬಪ್ಪದು. ಸೆಕೆಂಡಿಂಗೆ 60 ಚಿತ್ರ ತೋರ್ಸೆಕ್ಕಾದರೆ ಒಂದೊಂದಕ್ಕೆ ಸಿಕ್ಕುದು 16.7 ಮಿಲಿಸೆಕೆಂಡು. ತಡವಾದ ಚಿತ್ರ ತಾಳ ತಪ್ಪಿದ ಪೆಟ್ಟಿನ ಹಾಂಗೆ, ಬಂದರೂ ಪ್ರಯೋಜನ ಇಲ್ಲೆ. ಹಾಂಗಾಗಿ ಗೇಮಿಂಗ್ ಪ್ರೊಸೆಸರಿಲಿ ಕೋರು ಕಮ್ಮಿ, ಒಂದೊಂದೂ ಚುರುಕು. ಆ ಚುರುಕು ಆಟಕ್ಕೆ ಮಾತ್ರ ಅಲ್ಲ. ಎನ್ನ ಲೆಕ್ಕದ ಪ್ರೋಗ್ರಾಮಿಂಗುದೆ, ಮಗ° ಕಾಲೇಜಿಂಗೆ ಮಾಡ್ತ ಕ್ಯಾಡ್ ನಕ್ಷೆಗುದೆ ಬೇಕಾದ್ದು ಅದೇ.

ಹೊಸತ್ತರ ಅಂಕೆ ಸಂಖ್ಯೆ ನೋಡಿ. ಎಎಮ್‌ಡಿ ಕಂಪೆನಿಯ ರೈಜನ್ 7 9800ಎಕ್ಸ್3ಡಿ ಹೇಳುದು 2024ರಲ್ಲಿ ಬಂದ ಆಟದ ಪ್ರೊಸೆಸರು: 8 ಕೋರು, ಹೆಚ್ಚು ಹೇಳಿರೆ 5.2 ಗಿಗಾಹರ್ಟ್ಸ್ ವೇಗ, 120 ವಾಟು, ಸುರುವಿಂಗೆ 479 ಡಾಲರು. ಅದೇ ಕಂಪೆನಿಯ ಎಪಿಕ್ 9654 ಹೇಳುದು 2022ರಲ್ಲಿ ಬಂದ ಸರ್ವರು ಪ್ರೊಸೆಸರು: 96 ಕೋರು, ಹೆಚ್ಚು ಹೇಳಿರೆ 3.7 ಗಿಗಾಹರ್ಟ್ಸ್, 360 ವಾಟು, ಸುರುವಿಂಗೆ 11,805 ಡಾಲರು. ಕೋರು ಹನ್ನೆರಡು ಪಟ್ಟು, ಕ್ರಯ ಇಪ್ಪತ್ತನಾಲ್ಕು ಪಟ್ಟಿಂದಲೂ ಮೇಲೆ, ಒಂದೊಂದು ಕೋರಿನ ವೇಗ ಮಾತ್ರ ಕಮ್ಮಿ. ಈ ಕಂಪೆನಿಯ ಎಲ್ಲಕ್ಕಿಂತ ದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರಿಲಿ ನಮ್ಮ ಬೆಂಗ್ಳೂರಿಲೇ ಸುರುವಾದ್ದು.

ಕ್ಯಾಶ್ ಹೇಳ್ತ ಸಂಗತಿದೆ ಇದ್ದು. ಅಡಿಗೆಯವರ ಕೈಗೆ ಸಿಕ್ಕುವಲ್ಲಿ ಮಡಗಿದ ಉಪ್ಪು, ಹುಳಿ, ಬೆಲ್ಲ ಅದು. ಮೆಮರಿ ಹೇಳಿರೆ ಉಗ್ರಾಣ. ಸಾಮಾನು ಕೈಗೆ ಸಿಕ್ಕಿರೆ ಉಗ್ರಾಣಕ್ಕೆ ಓಡೆಕ್ಕು ಹೇಳಿ ಇಲ್ಲೆ. ಆ ಆಟದ ಪ್ರೊಸೆಸರಿಲಿ 8 ಕೋರಿಂಗೆ 96 ಎಂಬಿ, ಎಪಿಕ್‌ಲಿ 96 ಕೋರಿಂಗೆ 384 ಎಂಬಿ. ಪಾಲು ಮಾಡಿರೆ ಒಬ್ಬಂಗೆ 12, ಇನ್ನೊಬ್ಬಂಗೆ 4. ಆದರೆ ಸರ್ವರಿನ ಉಗ್ರಾಣಕ್ಕೆ 12 ಬಾಗಿಲು, ಮನೆದಕ್ಕೆ ಎರಡೇ. ಒಟ್ಟು ಹೊರೆ ಸಾಗುಸುಲೆ ಸರ್ವರೇ ಆಯೆಕ್ಕು.

ಸರ್ವರು ಪ್ರೊಸೆಸರು ಹಾಳು ಹೇಳಿ ಆನು ಹೇಳ್ತಾ ಇಲ್ಲೆ. ಜೆಂಬಾರಲ್ಲಿ ಐನ್ನೂರು ಜೆನ ಹಂತಿಲಿ ಕೂದರೆ ಒಬ್ಬ° ಎಷ್ಟು ಚುರುಕಾದರೂ ಬಳುಸಿ ಪೂರೈಸ, ಅಲ್ಲಿ ನಲುವತ್ತು ಜೆನ ಬೇಕು. 1973ರಲ್ಲಿ ಕೊಡೆಯಾಲಲ್ಲಿ ಸುರುವಾದ ಕ್ಯಾಂಪ್ಕೋದ ಹಾಂಗಿರ್ತ ಸಂಸ್ಥೆಗೊ ಇದ್ದನ್ನೆ, ಸಾವಿರಗಟ್ಲೆ ಬೆಳೆಗಾರರ ಲೆಕ್ಕ ಒಂದಕ್ಕೊಂದು ಸಂಬಂಧ ಇಲ್ಲದ್ದೆ ಒಟ್ಟೊಟ್ಟಿಂಗೆ ನಡೆಯೆಕ್ಕಾದಲ್ಲಿ ತುಂಬ ಕೋರು ಇಪ್ಪದೇ ಸರಿ. ಬೆಂಗ್ಳೂರಿನ ಭಾರತೀಯ ವಿಜ್ಞಾನ ಸಂಸ್ಥೆಲಿ 2022ರಲ್ಲಿ ಸುರುವಾದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರಿನ ಬಲವೂ ಕೆಲಸವ ಹಂಚುದರಲ್ಲಿಯೇ ಇಪ್ಪದು. ಆದರೆ ಮನೆಲಿ ಕಂಪ್ಯೂಟರಿನ ಎದುರು ಕೂಪದು ಒಬ್ಬ°. ಅವ° ಒತ್ತಿದ್ದಕ್ಕೆ ಆ ಕ್ಷಣಲ್ಲಿ ಉತ್ತರ ಬರೆಕ್ಕು.

ಮೈದುನನ ವಾದಲ್ಲಿಯೂ ಸತ್ಯ ಇದ್ದು. ಮಾಣಿ ನಾಳೆ ದೊಡ್ಡ ಪ್ರೋಗ್ರಾಮು ಕಂಪೈಲ್ ಮಾಡೆಕ್ಕಕ್ಕು, ಒಂದೇ ಮಿಶನಿಲಿ ನಾಲ್ಕೈದು ವರ್ಚುವಲ್ ಮಿಶನು ಓಡ್ಸೆಕ್ಕಕ್ಕು. ಅದೆಲ್ಲ ಹಂಚುಲೆ ಎಡಿತ್ತ ಕೆಲಸವೇ. ಆದರೆ ಕಲಿತ್ತ ಮಾಣಿಗೆ ಎಂಟು ಕೋರು, ಹದಿನಾರು ಥ್ರೆಡ್ಡು ಧಾರಾಳ. ಅಲ್ಲಿ ಮದಾಲು ಮುಗಿವದು ಮೆಮರಿ, ಕೋರು ಅಲ್ಲ. ಒಂದು ದಿನ ತೊಂಬತ್ತಾರು ಕೋರೇ ಬೇಕು ಹೇಳಿ ಆದರೆ ಗಂಟೆ ಲೆಕ್ಕಲ್ಲಿ ಕ್ಲೌಡಿಲಿ ಬಾಡಿಗೆಗೆ ಸಿಕ್ಕುತ್ತು. ಉಪ್ನಾನಕ್ಕೆ ಕೊಪ್ಪರಿಗೆ ಬಾಡಿಗೆಗೆ ತತ್ತಿಲ್ಲೆಯೋ ನಾವು? ನಾಲ್ಕು ಜೆನದ ಅಶನ ಮಡಗುಲೆ ಆರಾದರೂ ಕೊಪ್ಪರಿಗೆ ತೆಗೆತ್ತವೋ?

ಮತ್ತೆ, ಒಂದು ಲಕ್ಷಲ್ಲಿ ನವಗೆ ಸಿಕ್ಕುದು ಹೊಸ ಸರ್ವರಲ್ಲ, ಆಫೀಸಿಲಿ ಬೇಡ ಹೇಳಿ ಬಿಟ್ಟದು. ಅದರ ಮೆಮರಿ ಹೆಚ್ಚಾಗಿ ಬೇರೆ ಜಾತಿದು, ಮನೆಯ ಕಂಪ್ಯೂಟರಿಂಗೆ ತೆಗದು ಹಾಕುಲೆ ಎಡಿಯ. ಹಳೆ ಪ್ರೊಸೆಸರುಗೊ ಸುಮಾರು ವಿಂಡೋಸ್ 11ರ ಪಟ್ಟಿಲಿ ಇಲ್ಲೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗುದತ್ತು. ಕರೆಂಟುದೆ ನೋಡೆಕ್ಕು. ಬರೀ 100 ವಾಟು ಹೆಚ್ಚು ತಿಂದರೂ ದಿನಕ್ಕೆ ಎಂಟು ಗಂಟೆಯ ಹಾಂಗೆ ತಿಂಗಳಿಂಗೆ 24 ಯುನಿಟು. ಕಮ್ಮಿ ಕ್ರಯದ ಸಾಮಾನು ತಿಂಗಳು ತಿಂಗಳು ತನ್ನ ಕ್ರಯ ವಸೂಲು ಮಾಡ್ತು.

ಇಷ್ಟರ ಎಲ್ಲ ಆನು ಮೊನ್ನೆ ಆಯಿತ್ಯವಾರ ವಿಟ್ಲಕ್ಕೆ ಹೋಗಿಪ್ಪಗ ಮಾವನ ಎದುರು ಹೇಳಿದೆ. ಎನ್ನ 14 ಕೋರಿನ ಕತೆಯನ್ನೂ ಮುಚ್ಚದ್ದೆ ಹೇಳಿದೆ. ಮಾವ ಸುಮಾರು ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ ಪುಳ್ಳಿಯ ಮೋರೆ ನೋಡಿ ಕೇಳಿದವು: “ಅಂಬಗ ನೀನು ಅದರಲ್ಲಿ ಆಟ ಆಡ್ತಿಲ್ಲೆಯೋ?”

ಎನ್ನ ಎದೆ ಡವಡವ ಹೇಳಿತ್ತು. ಮಾಣಿ ರಜಾ ಹೊತ್ತು ಸುಮ್ಮನೆ ನಿಂದ°. “ಆಡ್ತೆ ಅಜ್ಜ. ಓದಿ ಆದ ಮತ್ತೆ ಒಂದು ಗಂಟೆ” ಹೇಳಿದ°. ಮತ್ತೆ ಅವನೇ ಸೇರ್ಸಿದ°: “ಆದರೆ ಆನು ಬರದ ಎಕ್ಸ್3ಡಿ ಬೇಡ. ಆ ಹೆಚ್ಚಿನ ಕ್ಯಾಶಿನ ಪ್ರಯೋಜನ ಮುಖ್ಯವಾಗಿ ಆಟಕ್ಕೇ. 9700ಎಕ್ಸ್ ಹೇಳಿ ಒಂದು ಇದ್ದು, ಅದೂ ಎಂಟೇ ಕೋರು, 65 ವಾಟು, ಕ್ರಯವೂ ಕಮ್ಮಿ. ಒಳುದ ಪೈಸೆಲಿ ಮೆಮರಿ ಹೆಚ್ಚು ಹಾಕುವ°, ಒಂದು ಯುಪಿಎಸ್ ತೆಕ್ಕೊಂಬ°.”

ಮಾವ ನೆಗೆ ಮಾಡಿದವು. “ಲೊಟ್ಟೆ ಹೇಳಿದ್ದಿಲ್ಲೆನ್ನೆ. ಅಕ್ಕು, ಅದನ್ನೇ ತೆಗೆ.”

ಎನ್ನ ಅಭಿಪ್ರಾಯ ಇಷ್ಟೇ. ಅಂಗಡಿಗೆ ಹೋಪ ಮದಲು ಕೋರು ಎಷ್ಟು ಹೇಳಿ ಕೇಳೆಡಿ. ನಿಂಗಳ ನಿತ್ಯದ ಕೆಲಸ ಬೇವ ಜಾತಿದೋ, ಒತ್ತುವ ಜಾತಿದೋ ಹೇಳಿ ಮನೆಲೇ ಕೂದು ನೋಡಿ. ಬೇವದಾದರೆ ಒಲೆ ಚುರುಕಿರೆಕ್ಕು, ಒತ್ತುದಾದರೆ ಕೈ ಹೆಚ್ಚು ಬೇಕು. ಹೆಸರು ಗೇಮಿಂಗು ಹೇಳಿ ಇದ್ದ ಕೂಡ್ಲೆ ಪೋಕ್ರಿ ಅಲ್ಲ, ಸರ್ವರು ಹೇಳಿ ಇದ್ದ ಕೂಡ್ಲೆ ಸಂಭಾವಿತನೂ ಅಲ್ಲ. ಹೆಸರಿಂಗೆ ಹೆದರಿ ಮಕ್ಕೊ ನಮ್ಮತ್ರೆ ಲೊಟ್ಟೆ ಹೇಳುವ ಹಾಂಗೆ ಆದರೆ, ಅದರಿಂದ ದೊಡ್ಡ ನಷ್ಟ ಬೇರೆ ಇಲ್ಲೆ.

ಎಂಗೊ ಹೆರಡುವಗ ಅತ್ತೆ ಒಂದು ಹಪ್ಪಳದ ಕಟ್ಟ ಕೈಗೆ ಕೊಟ್ಟಿಕ್ಕಿ ಮಾಣಿಗೆ ಹೇಳಿದವು: “ಎಷ್ಟು ಕೋರಾದರೂ ಇರಲಿ ಪುಳ್ಳೀ, ಅಬ್ಬೆ ಉಂಬಲೆ ದೆನಿಗೇಳಿರೆ ಒಂದೇ ದೆನಿಗೆ ಏಳೆಕ್ಕು.” ಅದಕ್ಕೆ ಯೇವ ಪ್ರೊಸೆಸರು ಬೇಕು ಹೇಳಿ ಎನಗೆ ಇನ್ನೂ ಗೊಂತಾಯಿದಿಲ್ಲೆ.