ಸೇವೆಗೆ ಬಂದವರು ಉಳಿಯುವುದು ಹೇಗೆ?

ಪದವಿ ಮುಗಿಸಿದ ಮಗಳು ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದರೆ ಬಹಳಷ್ಟು ಮನೆಗಳಲ್ಲಿ ಮೊದಲು ಹುಟ್ಟುವ ಪ್ರಶ್ನೆ ‘ಸಂಬಳ ಎಷ್ಟು?’ ಎಂಬುದು. ಎರಡನೆಯದು, ‘ಆ ಕೆಲಸ ಎಷ್ಟು ದಿನ ಇರುತ್ತದೆ?’ ಹೀಗೆ ಕೇಳುವ ತಂದೆತಾಯಿಗಳನ್ನು ಸ್ವಾರ್ಥಿಗಳೆಂದು ಹಳಿಯಬೇಕಾಗಿಲ್ಲ. ಸೇವಾ ಸಂಸ್ಥೆಗಳನ್ನು ನಡೆಸುವವರ ನಿದ್ದೆಗೆಡಿಸಿರುವುದೂ ಇದೇ ಪ್ರಶ್ನೆ. ಹುರುಪಿನಿಂದ ಬಂದ ಯುವಕ ಯುವತಿಯರು ಕೆಲಸ ಕೈಹತ್ತುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ. ಅವರೊಂದಿಗೆ ಅವರು ಕಲಿತದ್ದೂ, ಊರಿನ ಜನ ಅವರಲ್ಲಿ ಇಟ್ಟ ವಿಶ್ವಾಸವೂ ಹೊರಟು ಹೋಗುತ್ತವೆ.

ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಹೆಚ್ಚಿನ ಸಂಸ್ಥೆಗಳು ನಡೆಯುವುದು ಅನುದಾನದಿಂದ. ಅನುದಾನ ಒಂದೋ ಎರಡೋ ವರ್ಷದ ಯೋಜನೆಗೆ ಬರುತ್ತದೆ; ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು. ದೇಣಿಗೆ ಕೊಡುವವರಿಗೂ ತಮ್ಮ ಹಣ ಪುಸ್ತಕಕ್ಕೆ, ಔಷಧಕ್ಕೆ ಹೋಗಲಿ ಎಂಬ ಆಸೆ. ಸಿಬ್ಬಂದಿಯ ತರಬೇತಿಗೆ, ಕಚೇರಿಯ ಖರ್ಚಿಗೆ ಕೊಡಲು ಮನಸ್ಸು ಕಡಿಮೆ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿದ ಮೇಲಂತೂ ಕೈ ಇನ್ನಷ್ಟು ಬಿಗಿಯಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತದೆ ಗಾದೆ. ಇಲ್ಲಿ ಕೆಸರು ಖಚಿತ. ಮೊಸರಿಗೆ ಮುಂದಿನ ವರ್ಷದ ಅನುದಾನ ಬರಬೇಕು!

ಹಾಗಾದರೆ ಲಾಭದ ಉದ್ದೇಶವಿಲ್ಲದ ಸಂಸ್ಥೆಯಲ್ಲಿ ಜನರನ್ನು ಕಟ್ಟಿಕೊಂಡು ಬೆಳೆಯುವುದು ಸಾಧ್ಯವೇ ಇಲ್ಲವೆ? ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಕಥೆ ಸಾಧ್ಯವೆನ್ನುತ್ತದೆ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, 11 ಹಾಸಿಗೆಗಳಿಂದ ಇದನ್ನು ಆರಂಭಿಸಿದರು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಶಸ್ತ್ರ ಹಿಡಿಯಲು ಕಲಿತಿದ್ದ ವೈದ್ಯರು ಅವರು. ಹಣ ಕೊಡಬಲ್ಲವರಿಂದ ಶುಲ್ಕ, ಉಳಿದವರಿಗೆ ಉಚಿತ ಅಥವಾ ತೀರಾ ಕಡಿಮೆ ದರದ ಚಿಕಿತ್ಸೆ ಎಂಬುದು ಅಲ್ಲಿನ ಪದ್ಧತಿ. ಆಸ್ಪತ್ರೆಯ ಖರ್ಚು ಮುಖ್ಯವಾಗಿ ಈ ಶುಲ್ಕದಿಂದಲೇ ನಡೆಯುವುದರಿಂದ ಸಿಬ್ಬಂದಿಯ ಸಂಬಳಕ್ಕೆ ದಾನಿಯ ದಾರಿ ಕಾಯಬೇಕಾಗಿಲ್ಲ. ಮೊದಲ ಗಂಟು ಬಿಚ್ಚಿದ್ದು ಹೀಗೆ.

ಎರಡನೆಯದು ಜನರ ಆಯ್ಕೆ. ಆಸ್ಪತ್ರೆಯ ಬೆನ್ನೆಲುಬೆಂದರೆ ಹಳ್ಳಿಗಳಿಂದ ಬಂದ ಹುಡುಗಿಯರು. 12ನೇ ತರಗತಿ ಮುಗಿಸಿದ ಇವರಿಗೆ ಎರಡು ವರ್ಷ ತರಬೇತಿ. ಶುಲ್ಕವಿಲ್ಲ, ಬದಲಿಗೆ ಭತ್ಯೆ ಮತ್ತು ವಸತಿ. ಈ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ವೆಂಕಟಸ್ವಾಮಿಯವರ ತಂಗಿ ಡಾ. ಜಿ. ನಾಚ್ಚಿಯಾರ್ ಪ್ರಮುಖರು. ಆಯ್ಕೆಯ ವೇಳೆ ತಂದೆತಾಯಿಗಳೊಂದಿಗೂ ಮಾತುಕತೆ ನಡೆಯುತ್ತದೆ. ಸಸಿಯನ್ನು ಬೇರೆಡೆ ನೆಡುವಾಗ ಬೇರಿನ ಸುತ್ತಲಿನ ಮಣ್ಣನ್ನೂ ಸೇರಿಸಿ ಎತ್ತುವುದು ವಾಡಿಕೆ. ಬೇರಿನ ಸೂಕ್ಷ್ಮ ರೋಮಗಳು ಹರಿದುಹೋದರೆ ಸಸಿ ನೀರು ಹೀರಲಾರದೆ ಬಾಡುತ್ತದೆ. ಮನೆಯವರ ಒಪ್ಪಿಗೆ ಪಡೆದು ಬಂದ ಹುಡುಗಿ ಹೊಸ ಊರಿನಲ್ಲಿ ಬೇರೂರುವುದೂ ಹಾಗೆಯೇ.

ಮೂರನೆಯದು ಕೆಲಸದ ಹಂಚಿಕೆ. ದೃಷ್ಟಿ ಪರೀಕ್ಷೆ, ಕಣ್ಣಿನ ಒತ್ತಡದ ಅಳತೆ, ರೋಗಿಗೆ ಧೈರ್ಯ ಹೇಳುವುದು, ಶಸ್ತ್ರಚಿಕಿತ್ಸೆಗೆ ಸಿದ್ಧಗೊಳಿಸುವುದು ಇವೆಲ್ಲ ಈ ಹುಡುಗಿಯರ ಕೈಯಲ್ಲಿವೆ. ವೈದ್ಯರು ಒಂದು ಮೇಜಿನಲ್ಲಿ ಪೊರೆ ತೆಗೆದು ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧ. ಹೀಗಾಗಿ ಅಲ್ಲಿನ ಒಬ್ಬ ಶಸ್ತ್ರವೈದ್ಯರು ವರ್ಷಕ್ಕೆ ಸುಮಾರು 2,000 ಶಸ್ತ್ರಚಿಕಿತ್ಸೆ ಮಾಡಬಲ್ಲರು. ತನ್ನ ಕೆಲಸ ಇಲ್ಲದಿದ್ದರೆ ಈ ಅಜ್ಜಿಗೆ ಕಣ್ಣು ಬರುತ್ತಿರಲಿಲ್ಲ ಎಂಬುದನ್ನು ಮರುದಿನ ಪಟ್ಟಿ ಬಿಚ್ಚುವಾಗ ಆ ಹುಡುಗಿ ಕಣ್ಣಾರೆ ಕಾಣುತ್ತಾಳೆ. ಸಂಬಳದ ಚೀಟಿಯಲ್ಲಿ ಕಾಣದ ಗಳಿಕೆ ಇದು.

ಹಾಗೆಂದು ಅಲ್ಲಿಂದ ಯಾರೂ ಹೋಗುವುದಿಲ್ಲ ಎಂದು ತಿಳಿಯಬಾರದು. ಹೆಚ್ಚು ಸಂಬಳದ ಖಾಸಗಿ ಆಸ್ಪತ್ರೆಗಳಿಗೆ ವೈದ್ಯರು ಹೋಗುತ್ತಾರೆ. ಮದುವೆಯಾಗಿ ಊರು ಬಿಡುವ ಹುಡುಗಿಯರಿದ್ದಾರೆ. ದುಡಿಮೆ ಕಠಿಣ, ಶಿಸ್ತು ಬಿಗಿ. ಆದರೆ ಹೋಗುವವರು ಹೋಗಿಯೇ ಹೋಗುತ್ತಾರೆಂಬುದನ್ನು ಒಪ್ಪಿಕೊಂಡು ಸಂಸ್ಥೆ ಮುಂದಿನ ತಂಡವನ್ನು ತಯಾರು ಮಾಡುತ್ತಲೇ ಇರುತ್ತದೆ. ಹೋದವಳ ಕೈಯಲ್ಲಿ ವಿದ್ಯೆ ಉಳಿಯುತ್ತದೆ. ಸಂಸ್ಥೆಯಲ್ಲಿ ಕೆಲಸದ ಕ್ರಮ ಉಳಿಯುತ್ತದೆ. ವೆಂಕಟಸ್ವಾಮಿಯವರು 2006ರಲ್ಲಿ ತೀರಿಕೊಂಡ ಮೇಲೂ ಆಸ್ಪತ್ರೆ ಬೆಳೆಯುತ್ತಲೇ ಬಂದಿರುವುದಕ್ಕೆ ಇದೂ ಒಂದು ಕಾರಣ.

ತ್ಯಾಗದ ಮಾತೊಂದರಿಂದಲೇ ಜನರನ್ನು ಹಿಡಿದಿಡಬಹುದೆಂದು ನಂಬಿದ ಸಂಸ್ಥೆಗಳಿಗೆ ಇದರಲ್ಲಿ ಪಾಠವಿದೆ. ಹೊಟ್ಟೆ ತುಂಬದ ಸೇವೆ ಬಹುಕಾಲ ಬಾಳದು. ಹೊಟ್ಟೆ ತುಂಬಿದರೂ ಕಲಿಯಲು ಏನೂ ಇಲ್ಲದ ಕಡೆ ಚುರುಕಾದ ಹುಡುಗರು ನಿಲ್ಲರು.

ಆದ್ದರಿಂದ ಸೇವಾ ಸಂಸ್ಥೆಗೆ ಸೇರಬಯಸುವ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಸಂಬಳ ಯಾವ ಹಣದಿಂದ ಬರುತ್ತದೆ, ಎಷ್ಟು ವರ್ಷಕ್ಕೆ? ಭವಿಷ್ಯನಿಧಿ ಇದೆಯೆ? ಮೊದಲ ವರ್ಷ ಕೆಲಸ ಕಲಿಸುವವರು ಯಾರು? ಐದು ವರ್ಷದ ಹಿಂದೆ ಸೇರಿದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಯೇ ಮುಖ್ಯ. ಅದಕ್ಕೆ ನೇರವಾಗಿ ಉತ್ತರಿಸುವ ಸಂಸ್ಥೆಯಾದರೆ ಸಂಬಳ ತುಸು ಕಡಿಮೆಯಾದರೂ ಮಗಳನ್ನು ಕಳುಹಿಸಲು ತಂದೆತಾಯಿಗಳು ಅಂಜಬೇಕಾಗಿಲ್ಲ. ಉತ್ತರ ತಡವರಿಸಿದರೆ, ಗೋಡೆಯ ಮೇಲೆ ಎಷ್ಟೇ ದೊಡ್ಡ ಅಕ್ಷರಗಳಲ್ಲಿ ಸೇವೆಯೆಂದು ಬರೆದಿದ್ದರೂ, ಇನ್ನೊಮ್ಮೆ ಯೋಚಿಸುವುದು ಲೇಸು.